ಆರ್ಕ್, ಸಿಓಟೂ, ಆರ್ಗಾನ್: ಮೂರನ್ನೂ ಕಲಿತ ಮೇಲೆ

ಹರಿಹರದಲ್ಲಿ ಅಪ್ಪಾಜಿಯದು ಗ್ರಿಲ್ ಶೆಡ್ಡು. ಕಿಟಕಿ ಸರಳು, ಗೇಟು, ಟ್ರ್ಯಾಕ್ಟರ್ ಟ್ರೈಲರಿನ ರಿಪೇರಿ. ವೆಲ್ಡಿಂಗ್ ಹೋಲ್ಡರ್ ಹಿಡಿಯಲು ಕಲಿಸಿದ್ದು ಅಣ್ಣನಿಗೆ. ನನ್ನ ಕೈಗೆ ಬಂದದ್ದು ಬಿಲ್ ಪುಸ್ತಕ. ಆ ಸಿಟ್ಟು ನನ್ನ ಜೊತೆ ಟೆಕ್ಸಾಸಿನವರೆಗೂ ಬಂತು ಅನ್ನಿ. ಮಗ ಸ್ವಲ್ಪ ದೊಡ್ಡವನಾದ ಮೇಲೆ ಇಲ್ಲಿಯ ಕಮ್ಯುನಿಟಿ ಕಾಲೇಜಿನ ಸಂಜೆ ವೆಲ್ಡಿಂಗ್ ಕ್ಲಾಸಿಗೆ ಹೆಸರು ಕೊಟ್ಟೆ.

ಕಮ್ಯುನಿಟಿ ಕಾಲೇಜು ಅಂದರೆ ನಮ್ಮ ಐಟಿಐ ಮತ್ತು ಡಿಗ್ರಿಯ ಮೊದಲೆರಡು ವರ್ಷ ಒಂದೇ ಕಾಂಪೌಂಡಿನೊಳಗೆ ಇದ್ದ ಹಾಗೆ. ವಯಸ್ಸು ಯಾರೂ ಕೇಳುವುದಿಲ್ಲ. ನನ್ನ ಎಡಗಡೆ ಬೂತಿನಲ್ಲಿ ಹತ್ತೊಂಬತ್ತರ ಹುಡುಗ, ಬಲಗಡೆ ರಿಟೈರಾದ ಬಸ್ ಡ್ರೈವರ್. ನಾನು ಸೇರಿದ ಕಡೆ ಒಂದೊಂದು ವಿಧಾನಕ್ಕೆ ಒಂದೊಂದು ಸೆಮಿಸ್ಟರ್: ಸ್ಟಿಕ್, ಮಿಗ್, ಟಿಗ್. ನಮ್ಮೂರಿನ ಬಾಯಲ್ಲಿ ಆರ್ಕ್, ಸಿಓಟೂ, ಆರ್ಗಾನ್. ಮೂರೂ ಮುಗಿಸಿದ್ದೇನೆ. ಒಂದೇ ತಗೊಳ್ಳುವುದಾದರೆ ಯಾವುದು ಅಂತ ಪರಿಚಯದವರಿಬ್ಬರು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಇದು.

ಮೊದಲು ಆರ್ಕ್. ಇದರಲ್ಲಿ ಲೇಪ ಹಚ್ಚಿದ ರಾಡೇ ಕರೆಂಟಿನ ಕಿಡಿಗೆ ಕರಗಿ ಬೆಸುಗೆಯಾಗುತ್ತದೆ. ಊರಲ್ಲಿ ಗೇಟು ಕಿಟಕಿಗೆಲ್ಲ 6013 ರಾಡೇ ಜಾಸ್ತಿ. ಇಲ್ಲಿ ಶುರುವೇ 6010 ಮತ್ತು 7018. ಆ ನಂಬರ್ ಏನು ಅಂತ ನನಗೂ ಗೊತ್ತಿರಲಿಲ್ಲ. 70 ಅಂದರೆ ಬೆಸುಗೆಯ ಲೋಹ ಪ್ರತಿ ಚದರ ಇಂಚಿಗೆ ಕನಿಷ್ಠ 70,000 ಪೌಂಡ್ ಎಳೆತ ತಡೆಯುತ್ತದೆ ಅಂತ. 1 ಅಂದರೆ ಎಲ್ಲ ಭಂಗಿಗೂ ಸರಿ. ಕೊನೆಯ ಅಂಕಿ ಮೇಲಿನ ಲೇಪದ ಜಾತಿ. 7018ರ ಲೇಪಕ್ಕೆ ತೇವ ಆಗಲೇಬಾರದು. ತೇವದಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿಕೊಂಡರೆ, ಗಟ್ಟಿ ಉಕ್ಕಿನಲ್ಲಿ ಕೆಲಸ ಮುಗಿದು ಎಷ್ಟೋ ಗಂಟೆಯಾದ ಮೇಲೆ ಬಿರುಕು ಬಿಡಬಹುದು. ಅದಕ್ಕೇ ಇಲ್ಲಿ ರಾಡಿಗೆ ಸುಮಾರು 120 ಡಿಗ್ರಿಯ ಒಂದು ಪೆಟ್ಟಿಗೆ ಒಲೆಯೇ ಇದೆ. ಮಳೆಗಾಲದಲ್ಲಿ ಅಪ್ಪಾಜಿ ರಾಡುಗಳನ್ನು ಗೋಣಿಚೀಲದ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಹಪ್ಪಳದ ಪಕ್ಕದಲ್ಲೇ.

ಮೊದಲ ಎರಡು ವಾರ ನನ್ನ ರಾಡು ಪ್ಲೇಟಿಗೆ ಅಂಟಿಕೊಂಡಿದ್ದೇ ಹೆಚ್ಚು. ಬೆಂಕಿಕಡ್ಡಿ ಗೀರಿದ ಹಾಗೆ ಗೀರಬೇಕು, ತಕ್ಷಣ ಕೂದಲೆಳೆಯಷ್ಟು ಎತ್ತಬೇಕು. ಅದು ಬಂದ ಮೇಲೆ ಅಸಲಿ ಕಷ್ಟ. ರಾಡು ಊದುಬತ್ತಿಯ ಹಾಗೆ ಉರಿದು ಗಿಡ್ಡ ಆಗುತ್ತಾ ಹೋಗುತ್ತದೆ. ಕೈ ಮುಂದೆಯೂ ಹೋಗಬೇಕು, ಕೆಳಗೂ ಇಳಿಯಬೇಕು. ಎರಡೂ ಒಟ್ಟಿಗೆ, ಒಂದೇ ಹದದಲ್ಲಿ. ನಮ್ಮ ಮೇಷ್ಟ್ರು ಹಳೇ ಪೈಪ್‌ಲೈನ್ ವೆಲ್ಡರ್. ಹಿಂದೆ ನಿಂತು ನೋಡೋದಿಲ್ಲ, ಕೇಳುತ್ತಾರೆ. ಸದ್ದು ಕೆಟ್ಟ ಕೂಡಲೇ ಹೆಗಲು ತಟ್ಟುತ್ತಾರೆ. ನಾಲ್ಕನೇ ವಾರ ಒಂದು ದಿನ ಸ್ಲ್ಯಾಗ್, ಅಂದರೆ ಲೇಪ ಕರಗಿ ಬೆಸುಗೆಯ ಮೇಲೆ ಕಟ್ಟುವ ಹಕ್ಕಳೆ, ಬಡಿಯಲು ಸುತ್ತಿಗೆ ಎತ್ತಿದೆ. ಅದು ಆಗಲೇ ಸುರುಳಿ ಸುತ್ತಿ ಎದ್ದಿತ್ತು, ಪಳಗಿದ ಕಾವಲಿಯಿಂದ ದೋಸೆ ಏಳುವ ಹಾಗೆ. ಕೆಳಗೆ ಸಮನಾದ ಸಣ್ಣ ಸಣ್ಣ ಅಲೆ. ಆ ತುಂಡನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ.

ಅದೇ ಸೆಮಿಸ್ಟರಿನಲ್ಲಿ ಕಣ್ಣಿಗೂ ಹೊಡೆಸಿಕೊಂಡೆ. ಹೆಲ್ಮೆಟ್ ಎತ್ತಿಕೊಂಡು ಪರದೆ ಸರಿಸಿದಾಗ ಪಕ್ಕದವನು ಆರ್ಕ್ ಹೊತ್ತಿಸಿದ. ಆಗ ಏನೂ ಅನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣೊಳಗೆ ಹಿಡಿ ಮರಳು ಸುರಿದ ಹಾಗಾಯ್ತು. ಅಮ್ಮ ಫೋನಿನಲ್ಲಿ ಆಲೂಗಡ್ಡೆ ಹೋಳು ಇಡು ಅಂದಳು. ನಾನು ಡಾಕ್ಟರ ಹತ್ತಿರ ಹೋದೆ.

ಎರಡನೆಯದು ಸಿಓಟೂ, ಅಂದರೆ ಮಿಗ್. ಊರಲ್ಲಿ ಬರೀ ಸಿಓಟೂ ಗ್ಯಾಸಿನಲ್ಲೇ ಹೊಡೆಯುವುದರಿಂದ ಆ ಹೆಸರು. ಇಲ್ಲಿ ಕ್ಲಾಸಿನಲ್ಲಿ ಬಳಸಿದ್ದು 75 ಪಾಲು ಆರ್ಗಾನ್, 25 ಪಾಲು ಸಿಓಟೂ. ಇದರಲ್ಲಿ ರಾಡು ಬದಲಿಸುವ ಗೋಜಿಲ್ಲ. ಸ್ಪೂಲಿನಿಂದ 0.9 ಮಿಮೀ ವೈರು ತಾನಾಗೇ ಬರುತ್ತಿರುತ್ತದೆ, ಗುಂಡಿ ಒತ್ತಿ ಕೈ ಸರಿಸಿದರಾಯ್ತು. ಸ್ಲ್ಯಾಗೂ ಇಲ್ಲ. ಸೆಟ್ಟಿಂಗ್ ಸರಿ ಇದ್ದರೆ ಬೇಕನ್ ಅನ್ನುವ ಹಂದಿಮಾಂಸ ಹುರಿಯುವ ಸದ್ದು ಬರುತ್ತೆ ಅಂದರು ಮೇಷ್ಟ್ರು. ಬೇಕನ್ ಸದ್ದು ನನಗೆಲ್ಲಿ ಗೊತ್ತು? ದಾವಣಗೆರೆಯಲ್ಲಿ ಮಿರ್ಚಿ ಎಣ್ಣೆಗೆ ಬಿಟ್ಟಾಗ ಬರುತ್ತಲ್ಲ, ಅದೇ ಅಂತ ಲೆಕ್ಕ ಹಾಕಿಕೊಂಡೆ. ಸರಿಯಾಗೇ ಇತ್ತು.

ಅರ್ಧ ಗಂಟೆಯಲ್ಲಿ ಆರ್ಕ್‌ನ ಎರಡು ತಿಂಗಳಿಗಿಂತ ಚಂದದ ಬೀಡು, ಅಂದರೆ ಬೆಸುಗೆಯ ಸಾಲು, ಬಂತು. ಫೋಟೋ ಹೊಡೆದು ಅಪ್ಪಾಜಿಗೆ ಕಳಿಸಿದೆ. "ಚಲೋ ಐತಿ. ಒಡದು ನೋಡವ್ವ" ಅಂತ ಒಂದೇ ಸಾಲು ಬಂತು.

ಮಾರನೇ ವಾರ ಒಡೆದು ನೋಡಿದೆವು. ಎರಡು ಪ್ಲೇಟು ಟೀ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿ ಬೆಸೆದು, ಪ್ರೆಸ್ಸಿನಲ್ಲಿಟ್ಟು ಮಡಚುವ ಪರೀಕ್ಷೆ. ನನ್ನದು ಟಪ್ ಅಂತ ಬಿಟ್ಟುಕೊಂಡಿತು, ಅಂಟು ಒಣಗದ ಲಕೋಟೆಯ ಹಾಗೆ. ಒಳಗೆ ನೋಡಿದರೆ ಕೆಳಗಿನ ಪ್ಲೇಟಿನ ಮೂಲ ಅಂಚು ಹಾಗೇ ಇದೆ, ಕರಗಿಯೇ ಇಲ್ಲ. ಕಡಿಮೆ ವೋಲ್ಟಿನಲ್ಲಿ ವೈರು ಪ್ಲೇಟಿಗೆ ತಾಗಿ ತಾಗಿ ಕರಗುವ ಶಾರ್ಟ್ ಸರ್ಕ್ಯೂಟ್ ಮಿಗ್ ದಪ್ಪ ಪ್ಲೇಟಿನ ಮೇಲೆ ಇದೇ ಮೋಸ ಮಾಡುತ್ತದೆ. ವೈರು ಕರಗಿ ಮೇಲೆ ಕೂರುತ್ತದೆ, ಪ್ಲೇಟು ಕರಗಿರುವುದಿಲ್ಲ. ಕಟ್ಟಡದ ಉಕ್ಕಿಗೆ ಅಮೆರಿಕದಲ್ಲಿ ಅನುಸರಿಸುವ ಡಿ1.1 ನಿಯಮಾವಳಿಯೂ ಈ ಬಗೆಯನ್ನು ಪರೀಕ್ಷೆಯಿಲ್ಲದೆ ಒಪ್ಪುವುದಿಲ್ಲ. ಆರ್ಕ್ ಕೆಟ್ಟರೆ ಹೆಚ್ಚಾಗಿ ಮುಖದ ಮೇಲೇ ಗೊತ್ತಾಗುತ್ತದೆ. ಇದು ನಗುತ್ತಲೇ ಕೈ ಕೊಡುತ್ತದೆ.

ಇನ್ನೊಂದು ತರಲೆ ಗಾಳಿಯದು. ಸೆಖೆ ತಡೆಯಲಾರದೆ ಬೂತಿನ ಹತ್ತಿರ ಫ್ಯಾನ್ ತಿರುಗಿಸಿಕೊಂಡೆ. ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸೆಲ್ಲ ಹಾರಿಹೋಗಿ ಬೀಡಿನ ತುಂಬ ತೂತು, ಥೇಟ್ ಸೆಟ್ ದೋಸೆ.

ಟಿಗ್ ಅಂದರೆ ಆರ್ಗಾನ್ ವೆಲ್ಡಿಂಗ್. ಇದನ್ನು 1940ರ ಹೊತ್ತಿಗೆ ಅಮೆರಿಕದ ನಾರ್ಥ್ರಾಪ್ ವಿಮಾನ ಕಂಪನಿಯಲ್ಲಿ ಮೆಗ್ನೀಸಿಯಂ ಬೆಸೆಯಲು ಬೆಳೆಸಿದರು. ಆಗ ಹೀಲಿಯಂ ಬಳಸುತ್ತಿದ್ದರು, ಹಾಗಾಗಿ ಇಲ್ಲಿಯ ಹಳಬರು ಈಗಲೂ ಹೀಲಿಆರ್ಕ್ ಅನ್ನುತ್ತಾರೆ. ಬಲಗೈಯಲ್ಲಿ ಕರಗದ ಟಂಗ್‌ಸ್ಟನ್ ಮೊನೆಯ ಟಾರ್ಚು, ಎಡಗೈಯಲ್ಲಿ ತಂತಿ, ಕಾಲ ಕೆಳಗೆ ಪೆಡಲು. ಒತ್ತಿದಷ್ಟೂ ಕಾವು. ಹುಡುಗರೆಲ್ಲ ಪೆಡಲಿಗೆ ಒದ್ದಾಡುತ್ತಿದ್ದರು. ನಾನು ಹೊಲಿಗೆ ಮೆಷಿನ್ ತುಳಿದವಳು, ಕಾಲು ತಾನಾಗೇ ಕೂತಿತು. ಕಿಡಿ ಹಾರೋದಿಲ್ಲ, ಹೊಗೆ ಕಡಿಮೆ, ತೆಳು ಕೈಗವಸು ಸಾಕು. ಕರಗಿದ ಲೋಹ ಕನ್ನಡಿಯ ಹಾಗೆ ಹೊಳೆಯುತ್ತಾ ಕಣ್ಣೆದುರೇ ಇರುತ್ತದೆ.

ಆದರೆ ನಿಧಾನ. ಟಂಗ್‌ಸ್ಟನ್ ಮೊನೆ ಕರಗಿದ ಲೋಹಕ್ಕೆ ತಾಗಿತೋ, ನಿಲ್ಲಿಸಬೇಕು, ಬಿಚ್ಚಬೇಕು, ಮತ್ತೆ ಚೂಪು ಮಾಡಬೇಕು. ಒಂದು ಸಂಜೆ ಹದಿನೇಳು ಸಲ ಗ್ರೈಂಡರ್ ಹತ್ತಿರ ಹೋಗಿ ಬಂದೆ. ಎಣ್ಣೆ, ತುಕ್ಕು, ಬಣ್ಣ ಯಾವುದನ್ನೂ ಸಹಿಸುವುದಿಲ್ಲ, ಮಡಿ ಜಾಸ್ತಿ. ಅಲ್ಯೂಮಿನಿಯಂ ಅಂತೂ ಬೇರೆಯೇ ಕಥೆ. ಲೋಹ 660 ಡಿಗ್ರಿಗೇ ಕರಗುತ್ತದೆ, ಮೇಲಿನ ಆಕ್ಸೈಡ್ ಪೊರೆಗೆ 2,000 ಡಿಗ್ರಿ ದಾಟಬೇಕು. ಎಸಿ ಕರೆಂಟು ಆ ಪೊರೆ ಒಡೆಯುತ್ತದೆ. ಸ್ವಲ್ಪ ತಡ ಮಾಡಿದರೆ ಪೊರೆಯೊಳಗೆ ಎಲ್ಲ ನೀರಾಗಿ ಒಮ್ಮೆಗೇ ಕೆಳಗೆ ಜಾರುತ್ತದೆ. ನನ್ನ ಮೊದಲ ತುಂಡು ಬೂಟಿನ ಮೇಲೇ ಬಿತ್ತು.

ಇನ್ನು ಯಾವುದು ಅಂತ ಕೇಳಿದವರಿಗೆ. ಸ್ಟೀಲ್ ಪಾತ್ರೆ, ಸೈಕಲ್ ಫ್ರೇಮು, ಅಲ್ಯೂಮಿನಿಯಂ ಅಂದರೆ ಟಿಗ್ ಬಿಟ್ಟು ಬೇರೆ ನೋಡಬೇಡಿ. ಕಾರಿನ ತೆಳು ಶೀಟು, ಮನೆಯ ಮೇಜು ಕುರ್ಚಿಗೆ ಮಿಗ್. ಆರ್ಕ್‌ಗೆ ಸಿಲಿಂಡರ್ ಬಾಡಿಗೆ ಇಲ್ಲ, ಬಯಲಲ್ಲಿ ಗಾಳಿಗೆ ಹೆದರುವುದಿಲ್ಲ, ತುಕ್ಕು ಹಿಡಿದ ಗೇಟಿಗೂ ಬಗ್ಗುತ್ತದೆ. ಒಂದೇ ಸೆಮಿಸ್ಟರ್ ಅಂದರೆ ನಾನು ಆರ್ಕ್ ಅನ್ನುತ್ತೇನೆ. ಟಿಗ್ ನನಗೆ ಇಷ್ಟ, ಅದು ಬೇರೆ ಮಾತು. ಕರಗಿದ ಲೋಹವನ್ನು ಓದುವುದು ನನಗೆ ಬಂದದ್ದು ಸ್ಲ್ಯಾಗಿನ ಗಲಾಟೆಯ ನಡುವೆಯೇ. ಮಿಗ್‌ನಿಂದ ಶುರು ಮಾಡಿದ ಪಕ್ಕದ ಬೂತಿನ ಹುಡುಗ ಆರ್ಕ್‌ಗೆ ಬಂದಾಗ ಬಹಳ ಬೇಜಾರು ಮಾಡಿಕೊಂಡ.

7018ರಲ್ಲಿ 3ಜಿ, ಅಂದರೆ ಗೋಡೆಯ ಹಾಗೆ ನಿಂತ ಪ್ಲೇಟಿನ ಪರೀಕ್ಷೆಯೂ ಆಯಿತು. ಬೆಸೆದ ಪ್ಲೇಟಿನಿಂದ ಎರಡು ಪಟ್ಟಿ ಕೊಯ್ದು ಯು ಆಕಾರಕ್ಕೆ ಬಗ್ಗಿಸುತ್ತಾರೆ. ಬಿರುಕು 3 ಮಿಮೀ ದಾಟಿದರೆ ಫೇಲ್. ಒಂದರಲ್ಲಿ ಏನೂ ಇರಲಿಲ್ಲ, ಇನ್ನೊಂದರಲ್ಲಿ 1 ಮಿಮೀನಷ್ಟು ಸೀಳು. ಪಾಸು. ವಿಡಿಯೋ ಕಾಲಿನಲ್ಲಿ ತೋರಿಸಿದರೆ ಅಪ್ಪಾಜಿ ಕನ್ನಡಕ ಏರಿಸಿ ನೋಡಿ, "ಇದೇನವ್ವ, ಕುದುರಿ ಲಾಳ ಮಾಡೀಯೇನು?" ಅಂದರು. ಆಮೇಲೆ ಎಷ್ಟು ಆಂಪ್ಸ್ ಇಟ್ಟಿದ್ದೆ ಅಂತ ಕೇಳಿದರು. ನೂರಾ ಹದಿನೈದು ಅಂದೆ. ಅಣ್ಣನನ್ನು ಕರೆದು ಅವನಿಗೂ ತೋರಿಸಿದರು.

ಮುಂದಿನ ಸೆಮಿಸ್ಟರಿಗೆ ಮತ್ತೆ ಆರ್ಕ್‌ಗೇ ಹೆಸರು ಕೊಟ್ಟಿದ್ದೇನೆ, ಈ ಸಲ 4ಜಿ. ಪ್ಲೇಟು ತಲೆಯ ಮೇಲೆ, ಕಿಡಿ ಕೊರಳೊಳಗೆ. ಜಡೆಯನ್ನು ಜಾಕೆಟ್ಟಿನೊಳಗೆ ಸೇರಿಸಿದರೆ ಸಾಲದು ಅಂತ ಮೇಷ್ಟ್ರು ಆಗಲೇ ಎಚ್ಚರಿಸಿದ್ದಾರೆ. ಹತ್ತಿ ಬಟ್ಟೆಯ ಟೊಪ್ಪಿ ಹೊಲಿದುಕೊಳ್ಳುತ್ತಿದ್ದೇನೆ, ಹಳೇ ಇಳಕಲ್ ಸೀರೆಯ ಒಡಲಿನಿಂದ.