ಆಟದ ಪಟ್ಟಿ ಚೆನ್ನಾಗಿದೆ, ಆ ನೀಲಿ ಟಿಕ್ ತೆಗೀರಿ

ಮಂಗಳೂರು, ಉಡುಪಿ ಕಡೆಯವರಿಗೆ ಅಂತಲೇ ಮಾಡಿದ ಸೋಷಿಯಲ್ ಆ್ಯಪ್ ಇದು. ಹೆಸರು ಬೇಡ, ಇನ್ನೂ ಹೊಸದು, ತಿದ್ದಿಕೊಳ್ಳಲಿ. ಆಟ ಅಂದರೆ ಯಕ್ಷಗಾನ, ಭೂತಕೋಲ, ಜಾತ್ರೆ, ಎಲ್ಲಿ ರಸ್ತೆ ಅಗೆದಿದ್ದಾರೆ, ಮಲ್ಪೆ ಬಂದರಿಗೆ ಬಂಗುಡೆ ಮೀನು ಬಂತಾ, ಎಲ್ಲ ಒಂದೇ ಕಡೆ ಸಿಗುತ್ತದೆ. ಸುದ್ದಿಗೆ ಕೊರತೆ ಇಲ್ಲ. ತೊಂದರೆ ಇರುವುದು ಬಟನ್ನುಗಳಲ್ಲಿ.

ವಾಟ್ಸ್‌ಆ್ಯಪ್ 2014ರಲ್ಲಿ ನೀಲಿ ಟಿಕ್ ತಂದಿತು. ಎರಡು ನೀಲಿ ಟಿಕ್ ಬಿದ್ದರೆ ಎದುರಿನವರು ಓದಿದ್ದಾರೆ ಅಂತ ಈಗ ಅಜ್ಜಿಯಂದಿರಿಗೂ ಗೊತ್ತು. ಇಲ್ಲಿ ಮೆಸೇಜ್ ಫೋನಿಗೆ ತಲುಪಿದ ಕೂಡಲೇ ನೀಲಿ! ಉಡುಪಿಯ ಚಿಕ್ಕಮ್ಮ ಫೋನ್ ಮಾಡಿ, "ಓದಿಯೂ ಉತ್ತರ ಕೊಡುದಿಲ್ಲ ಅಲ್ವಾ, ದೊಡ್ಡ ಜನ ಆದೆ ಮಾರಾಯ" ಅಂದರು. ನಾನು ಅದನ್ನು ತೆರೆದೇ ಇರಲಿಲ್ಲ. ಆ್ಯಪಿನವರಿಗೆ ಬರೆದರೆ, ಸೆಟ್ಟಿಂಗ್ಸ್ ಒಳಗೆ ವಿವರಣೆ ಇದೆ ಅಂತ ಉತ್ತರ. ಟಿಕ್ ನೋಡಿ ವಿವರಣೆ ಹುಡುಕಿಕೊಂಡು ಹೋಗುವವರು ಯಾರು ಮಾರಾಯ್ರೆ?

ವೆಬ್‌ಸೈಟ್ ವಿನ್ಯಾಸದ ಪರಿಣಿತ ಜೇಕಬ್ ನೀಲ್ಸನ್ ಇದನ್ನು ಯಾವತ್ತೋ ಹೇಳಿದ್ದಾರೆ: ಜನ ಜಾಸ್ತಿ ಹೊತ್ತು ಕಳೆಯುವುದು ಬೇರೆಯವರ ಸೈಟುಗಳಲ್ಲಿ, ಹಾಗಾಗಿ ನಿಮ್ಮದೂ ಅದೇ ರೀತಿ ನಡೆಯಲಿ ಅಂತ ಬಯಸುತ್ತಾರೆ. 2018ರಲ್ಲಿ ಸ್ನ್ಯಾಪ್‌ಚಾಟ್ ಗೆಳೆಯರ ಸ್ಟೋರಿಗಳನ್ನು ಚಾಟ್ ಜೊತೆ ಸೇರಿಸಿದಾಗ, ಹಳೆಯದನ್ನೇ ಕೊಡಿ ಅಂತ 12 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದ್ದರು.

ಹಾಗಂತ ಎಲ್ಲವನ್ನೂ ದೊಡ್ಡವರಿಂದ ಎತ್ತಿಕೊಂಡು ಬರಬೇಕು ಅಂತಲ್ಲ. ಇವರ ಮುಖಪುಟದಲ್ಲಿ ಜಾಸ್ತಿ ಲೈಕ್ ಬಿದ್ದದ್ದು ಮೇಲೆ ಬರುತ್ತದೆ, ಅದರಿಂದ ನಿನ್ನೆ ರಾತ್ರಿಯೇ ಮುಗಿದ ಆಟ ಇವತ್ತು ಸಂಜೆಯೂ ಮೇಲೆಯೇ ಕೂತಿರುತ್ತದೆ, ಇವತ್ತಿನದು ಎಲ್ಲೋ ಕೆಳಗೆ. ಇನ್‌ಸ್ಟಾಗ್ರಾಮ್ ಕೂಡ 2016ರಲ್ಲಿ ಕೈಬಿಟ್ಟ ಸಮಯದ ಕ್ರಮವನ್ನು 2022ರಲ್ಲಿ ಒಂದು ಆಯ್ಕೆಯಾಗಿ ವಾಪಸ್ ಕೊಟ್ಟಿತು. ಇವರ ಹತ್ತಿರವೇ 'ಇವತ್ತು ಎಲ್ಲಿ' ಅನ್ನುವ ಒಳ್ಳೆಯ ಪುಟ ಇದೆ. ಮೇಳ, ಪ್ರಸಂಗ, ಜಾಗ, ಶುರುವಾಗುವ ಹೊತ್ತು, ಎಲ್ಲ ತಾರೀಖಿನ ಪ್ರಕಾರ. ಆದರೆ ಮೂರು ಗೆರೆಯ ಮೆನುವಿನ ಒಳಗೆ ಅಡಗಿಸಿಟ್ಟಿದ್ದಾರೆ! ಆ್ಯಪ್ ತೆರೆದ ಕೂಡಲೇ ಕಾಣಬೇಕಾದದ್ದು ಅದೇ ಅಲ್ವಾ?

ಇನ್ನು ಕನ್ನಡ ಅಕ್ಷರ. ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ, ಕೊಲ್ಲೂರು ಹೋಗಿ ಕೊಲೂರು ಆಗಿದೆ. ಚಿಕ್ಕಮ್ಮನ ಹಾಗೆ ಫೋನಿನಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡವರಿಗೆ 'ಕಳಿಸಿ' ಬಟನ್ ಪರದೆಯಿಂದ ಆಚೆಗೇ ಹೋಗಿಬಿಡುತ್ತದೆ.

5ರಲ್ಲಿ 3 ಸ್ಟಾರ್, ಅದೂ ಆಟದ ಪಟ್ಟಿಗೆ. ಮಾತುಕತೆಗೆ ಸದ್ಯ ವಾಟ್ಸ್‌ಆ್ಯಪೇ ಸಾಕು.