ಯೂರೋಪ್ ಡ್ರೈವಿಂಗ್ ಕಿಟ್: ಡಿಕ್ಕಿಯಲ್ಲಿ ಎಂಟು ವರ್ಷ ಇಟ್ಟುಕೊಂಡವರ ವಿಮರ್ಶೆ

ಬ್ರಿಟನ್ನಿನಲ್ಲಿ ನೋಂದಣಿಯಾದ ಕಾರನ್ನು ಕಡಲಾಚೆ ಕೊಂಡೊಯ್ಯುವವರಿಗೆಂದು ‘ಯೂರೋಪ್ ಡ್ರೈವಿಂಗ್ ಕಿಟ್’ ಎಂಬ ಹೆಸರಿನಲ್ಲಿ ಮಾರುವ ಕೆಂಪು ಚೀಲವೊಂದನ್ನು ನಾನು 2018ರಲ್ಲಿ, ಕುಟುಂಬದೊಂದಿಗೆ ಮೊದಲ ಬಾರಿಗೆ ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ದಾಟುವ ಹಿಂದಿನ ವಾರ, ಸುಮಾರು 25 ಪೌಂಡ್ ಕೊಟ್ಟು ಕೊಂಡೆ. ಅದರಲ್ಲಿ ಎಚ್ಚರಿಕೆಯ ತ್ರಿಕೋನ ಒಂದು, ಹಳದಿ ರಿಫ್ಲೆಕ್ಟರ್ ಜಾಕೆಟ್ ಎರಡು, ಪ್ರಥಮ ಚಿಕಿತ್ಸೆಯ ಪೊಟ್ಟಣ, ಮದ್ಯ ಕುಡಿದಿರುವುದನ್ನು ತಿಳಿಯುವ ಉಸಿರು ಪರೀಕ್ಷೆಯ ನಳಿಕೆ ಎರಡು, ಹೆಡ್‌ಲೈಟಿಗೆ ಅಂಟಿಸುವ ಸ್ಟಿಕ್ಕರುಗಳು, ಕಾರು ಬ್ರಿಟನ್ನಿನದೆಂದು ತೋರಿಸುವ ‘ಜಿಬಿ’ ಫಲಕ ಮತ್ತು ಒಂದಷ್ಟು ಬಲ್ಬುಗಳಿದ್ದವು. ಫ್ರಾನ್ಸ್, ಬೆಲ್ಜಿಯಂ, ಜರ್ಮನಿ, ಆಸ್ಟ್ರಿಯಾಗಳಲ್ಲಿ ಒಟ್ಟು ಏಳು ಪ್ರವಾಸಗಳಾದ ಮೇಲೆ ಈಗ ನನ್ನ ಬಳಿ ಬಳಕೆಗೆ ಯೋಗ್ಯವಾಗಿ ಉಳಿದಿರುವುದು ಆ ಎರಡು ಜಾಕೆಟ್ ಮಾತ್ರ. ಚೀಲದ ಜಿಪ್ ಕೂಡ ಮೂರನೆಯ ವರ್ಷಕ್ಕೇ ಕೈಕೊಟ್ಟಿತು.

ಕಿಟ್ಟಿನ ನಿಜವಾದ ಪರೀಕ್ಷೆ ನಡೆದದ್ದು 2019ರ ಅಕ್ಟೋಬರಿನ ಒಂದು ಮುಸ್ಸಂಜೆ, ಫ್ರಾನ್ಸಿನ ಶಾಂಪೇನ್ ಸೀಮೆಯ ಬಯಲಿನಲ್ಲಿ ಹಾದುಹೋಗುವ ಸಾಧಾರಣ ರಸ್ತೆಯೊಂದರಲ್ಲಿ, ಹಿಂದಿನ ಬಲಗಡೆಯ ಟೈರು ಪಂಕ್ಚರ್ ಆದಾಗ. ಫ್ರಾನ್ಸಿನಲ್ಲಿ ಜಾಕೆಟ್ ಮತ್ತು ತ್ರಿಕೋನ ಎರಡೂ 2008ರಿಂದ ಕಡ್ಡಾಯವಾಗಿವೆ. ಜಾಕೆಟ್ ಇರಬೇಕಾದದ್ದು ಡಿಕ್ಕಿಯಲ್ಲಲ್ಲ, ಚಾಲಕನ ಕೈಗೆಟುಕುವಂತೆ ಕಾರಿನ ಒಳಗೆ, ಮತ್ತು ಅದನ್ನು ತೊಟ್ಟ ಮೇಲೆಯೇ ಕೆಳಗಿಳಿಯಬೇಕು. ನಮ್ಮ ಜಾಕೆಟ್ ಕಿಟ್ಟಿನೊಳಗಿತ್ತು, ಕಿಟ್ಟು ಡಿಕ್ಕಿಯಲ್ಲಿತ್ತು, ಅದರ ಮೇಲೆ ಎರಡು ಸೂಟ್‌ಕೇಸು, ಒಂದು ಮಡಚುವ ಕುರ್ಚಿ, ಮಕ್ಕಳ ಬೂಟುಗಳ ಮೂಟೆ. “ಜಾಕೆಟ್ ಹಾಕಿಕೊಂಡೇ ಇಳೀಬೇಕು ಅಂದ್ರಲ್ಲ, ಅದನ್ನ ತರೋಕೆ ಯಾರು ಇಳೀತಾರೆ?” ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೊಲೀಸರು ಆಗ ಬಂದಿದ್ದರೆ 135 ಯೂರೋ ದಂಡಕ್ಕೆ ನಾನು ಅರ್ಹನೇ ಆಗಿದ್ದೆ, ಚೀಲ ಕೊಂಡಿದ್ದರೂ.

ಇನ್ನೊಂದು ಸಂಗತಿ ಅಲ್ಲಿ ನಿಂತಾಗಲಷ್ಟೇ ಹೊಳೆಯಿತು. ಬಲಗಡೆ ಸ್ಟೇರಿಂಗ್ ಇರುವ ಕಾರು ರಸ್ತೆಯ ಬಲಬದಿಗೆ ನಿಂತರೆ ಚಾಲಕನ ಬಾಗಿಲು ಹುಲ್ಲಿನ ಕಡೆಗೆ ತೆರೆಯುತ್ತದೆ, ಪಕ್ಕದಲ್ಲಿ ಕೂತವರ ಬಾಗಿಲು ಓಡುವ ವಾಹನಗಳ ಕಡೆಗೆ ತೆರೆಯುತ್ತದೆ. ಕಾನೂನು ಚಾಲಕನ ಜಾಕೆಟ್ಟಿನ ಮಾತಾಡುತ್ತದೆ. ನಮ್ಮ ಕಾರಿನಲ್ಲಿ ಹೆಚ್ಚು ಅಪಾಯಕ್ಕೆ ಕಾಲಿಡುವವರು ಚಾಲಕನಲ್ಲ. ನಾಲ್ಕು ಜನರ ಕುಟುಂಬಕ್ಕೆ ಎರಡೇ ಜಾಕೆಟ್ ಕೊಟ್ಟಿರುವುದು ಈ ಕಿಟ್ಟಿನ ದೊಡ್ಡ ಕೊರತೆಯೆಂದು ನಾನು ಎಣಿಸುವುದು ಇದಕ್ಕಾಗಿ. ಆದರೆ ಇದ್ದ ಎರಡರ ಗುಣಮಟ್ಟದ ಬಗ್ಗೆ ದೂರಿಲ್ಲ: ಇಂಥ ಜಾಕೆಟ್ಟುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 20471ರ ಗುರುತು ಒಳಗಿನ ಪಟ್ಟಿಯ ಮೇಲಿದೆ, ಬೆಳ್ಳಿಯ ಪಟ್ಟೆಗಳು ಇನ್ನೂ ಸುಲಿದಿಲ್ಲ.

ತ್ರಿಕೋನದ ಕಥೆ ಬೇರೆ. ಕಾರಿನಿಂದ ಕನಿಷ್ಠ 30 ಮೀಟರ್ ಹಿಂದೆ ಇಡಬೇಕೆಂಬ ನಿಯಮದಂತೆ ನಲವತ್ತು ಹೆಜ್ಜೆ ಎಣಿಸಿ ನಡೆದು, ಮೂರು ಕಡ್ಡಿಗಳನ್ನು ಸೇರಿಸಿ, ತೆಳುವಾದ ಪ್ಲಾಸ್ಟಿಕ್ ಕಾಲುಗಳನ್ನು ಬಿಡಿಸಿ ನಿಲ್ಲಿಸಿ ಬಂದೆ. ಜಾಕ್ ಎತ್ತುವಷ್ಟರಲ್ಲಿ ಲಾರಿಯೊಂದು ಹಾದುಹೋಯಿತು. ಅದರ ಗಾಳಿಗೆ ತ್ರಿಕೋನ ಅಂಗಾತ ಮಲಗಿತು. ಎರಡನೆಯ ಬಾರಿ ಕಾಲಿನ ಮೇಲೆ ಕಲ್ಲಿಡಲು ಹೋದಾಗ ಕಾಲೇ ಮುರಿಯಿತು. ಇಂಥ ತ್ರಿಕೋನಗಳಿಗೆ ವಿಶ್ವಸಂಸ್ಥೆಯ 27ನೇ ನಿಯಮ ಎಂಬ ಮಾನದಂಡವಿದೆ, ಅದರಲ್ಲಿ ಗಾಳಿಗೆ ಬೀಳದಿರುವ ಪರೀಕ್ಷೆಯೂ ಸೇರಿದೆ, ಅದಕ್ಕೆ ಒಪ್ಪಿಗೆ ಪಡೆದ ತ್ರಿಕೋನದ ಮೈಮೇಲೆಯೇ ವೃತ್ತದೊಳಗೆ ‘ಇ’ ಅಕ್ಷರದ ಮುದ್ರೆ ಇರುತ್ತದೆ. ನನ್ನದರಲ್ಲಿ ಆ ಮುದ್ರೆ ಚೀಲದ ಚೀಟಿಯ ಮೇಲೆ ಮಾತ್ರ ಇತ್ತು. ಮನೆಗೆ ಮರಳಿದ ಮೇಲೆ ಭಾರವಾದ ಲೋಹದ ತಳವಿರುವ ತ್ರಿಕೋನವನ್ನು ಬೇರೆಯಾಗಿ ಕೊಂಡೆ. ಅದು ಇಂದಿಗೂ ಗಟ್ಟಿಯಾಗಿದೆ.

ಕಿಟ್ಟಿನ ಜೊತೆ ಬಂದ ಕೈಪಿಡಿ ‘ಎಲ್ಲ ರಸ್ತೆಗಳಲ್ಲಿಯೂ ತ್ರಿಕೋನ ಇಡಿ’ ಎಂದು ಹೇಳುತ್ತದೆ. ಇದು ಅಪಾಯಕಾರಿ ಸಲಹೆ. ಫ್ರಾನ್ಸಿನ ಮೋಟಾರು ಹೆದ್ದಾರಿಗಳಲ್ಲಿ ತ್ರಿಕೋನ ಹಿಡಿದು ನಡೆಯುವುದಕ್ಕೆ ಬದಲಾಗಿ ಜಾಕೆಟ್ ತೊಟ್ಟು, ಎಲ್ಲರನ್ನೂ ತಡೆಬೇಲಿಯ ಆಚೆಗೆ ಕಳಿಸಿ, ಕಿತ್ತಳೆ ಬಣ್ಣದ ತುರ್ತು ಫೋನಿನಿಂದಲೋ 112ರಿಂದಲೋ ಸಹಾಯ ಕೇಳುವುದೇ ಸರಿಯಾದ ಕ್ರಮ. ಸ್ಪೇನ್ ಈ ವಿಚಾರದಲ್ಲಿ ಇನ್ನೂ ಮುಂದೆ ಹೋಗಿದೆ: ತ್ರಿಕೋನ ಇಡಲು ಇಳಿದವರೇ ವಾಹನಕ್ಕೆ ಸಿಗುವ ಅಪಾಯವನ್ನು ಕಾರಣವಾಗಿ ಕೊಟ್ಟು, 2026ರ ಜನವರಿ 1ರಿಂದ ಅಲ್ಲಿನ ನೋಂದಣಿಯ ಕಾರುಗಳಿಗೆ ಛಾವಣಿಯ ಮೇಲೆ ಕೂರಿಸುವ ‘ವಿ-16’ ಮಿನುಗು ದೀಪವನ್ನು ಕಡ್ಡಾಯ ಮಾಡಿದೆ. ಹೊರಗಿನ ನೋಂದಣಿಯ ಕಾರುಗಳಿಗೆ ಅಲ್ಲಿ ತ್ರಿಕೋನ ಈಗಲೂ ನಡೆಯುತ್ತದೆ.

ಉಸಿರು ಪರೀಕ್ಷೆಯ ನಳಿಕೆಗಳು ಈ ಚೀಲದ ಅತಿ ದೊಡ್ಡ ತಮಾಷೆ. 2012ರ ಜುಲೈ 1ರಂದು ಫ್ರಾನ್ಸ್ ಅವುಗಳನ್ನು ಕಡ್ಡಾಯ ಮಾಡಿತು, ಆದರೆ ಇಲ್ಲದಿದ್ದರೆ ದಂಡ ಎಂಬ ಭಾಗ ಜಾರಿಗೆ ಬರಲೇ ಇಲ್ಲ, 2020ರಲ್ಲಿ ನಿಯಮವೇ ರದ್ದಾಯಿತು. ನಾನು ಕೊಂಡಾಗ ಕಾಗದದ ಮೇಲೆ ನಿಯಮ ಇತ್ತು ನಿಜ. ಆದರೆ ನಳಿಕೆಗಳ ಮೇಲಿನ ಅವಧಿ ಮರುವರ್ಷವೇ ಮುಗಿಯುತ್ತಿತ್ತು. ಈಚೆಗೆ ಸ್ನೇಹಿತರೊಬ್ಬರು ಕೊಂಡ ಹೊಸ ಕಿಟ್ಟಿನಲ್ಲಿಯೂ ‘ಫ್ರಾನ್ಸಿನಲ್ಲಿ ಕಡ್ಡಾಯ’ ಎಂಬ ಅಚ್ಚಿನೊಂದಿಗೆ ಅವೇ ನಳಿಕೆಗಳಿದ್ದುದನ್ನು ಕಂಡು ನಗಬೇಕೋ ದೂರು ಬರೆಯಬೇಕೋ ತಿಳಿಯಲಿಲ್ಲ. ‘ಜಿಬಿ’ ಫಲಕದ ಗತಿಯೂ ಅದೇ ಆಯಿತು: 2021ರ ಸೆಪ್ಟೆಂಬರ್ 28ರಿಂದ ಹೊರದೇಶದಲ್ಲಿ ಬ್ರಿಟಿಷ್ ಕಾರಿನ ಗುರುತು ‘ಯುಕೆ’ ಆಗಿದೆ. ಹಳೆಯದನ್ನು ಕಿತ್ತೋ ಮುಚ್ಚಿಯೋ ಹೊಸದನ್ನು ಅಂಟಿಸಬೇಕು.

ಹೆಡ್‌ಲೈಟಿನ ಸ್ಟಿಕ್ಕರುಗಳ ಅಗತ್ಯವನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ. ಎಡಬದಿಯಲ್ಲಿ ಓಡಿಸುವ ದೇಶದ ಕಾರಿನ ಡಿಪ್ ಬೆಳಕು ಎಡ ಅಂಚಿನ ಕಡೆಗೆ ತುಸು ಮೇಲೇರುತ್ತದೆ, ಬಲಬದಿಯಲ್ಲಿ ಓಡಿಸುವಾಗ ಆ ಏರು ಬೆಳಕು ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಸ್ಟಿಕ್ಕರ್ ಎಲ್ಲಿ ಅಂಟಿಸಬೇಕೆಂಬುದು ದೀಪದ ವಿನ್ಯಾಸದ ಮೇಲೆ ನಿಂತಿದ್ದು, ಕೈಪಿಡಿಯಲ್ಲಿ ನಮ್ಮ ಕಾರಿನ ಚಿತ್ರವಿತ್ತು, ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ತೆಗೆಯುವುದೇ ಕಷ್ಟ; ಕೂದಲೊಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೂ ಅಂಟಿನ ಕಲೆ ಎರಡು ವಾರ ಉಳಿಯಿತು. ಈಗಿನ ಎಲ್‌ಇಡಿ ದೀಪದ ಕಾರಿನಲ್ಲಿ ಅದೇ ಕೆಲಸವನ್ನು ಪರದೆಯ ಮೇಲಿನ ಒಂದು ಆಯ್ಕೆ ಮಾಡಿಬಿಡುತ್ತದೆ, ಹಾಗಾಗಿ ಸ್ಟಿಕ್ಕರ್ ಕೊಳ್ಳುವ ಮುಂಚೆ ಕಾರಿನ ಕೈಪಿಡಿಯನ್ನು ನೋಡುವುದು ಒಳ್ಳೆಯದು.

ಪ್ರಥಮ ಚಿಕಿತ್ಸೆಯ ಪೊಟ್ಟಣದಲ್ಲಿ ಪ್ಲಾಸ್ಟರು ಮತ್ತು ಒಂದು ಸುರುಳಿ ಬ್ಯಾಂಡೇಜು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆಸ್ಟ್ರಿಯಾಕ್ಕೆ ಹೋಗುವಾಗ ಜರ್ಮನಿಯ ಡಿಐಎನ್ 13164 ಮಾನದಂಡದ ಪೆಟ್ಟಿಗೆಯನ್ನು ಬೇರೆಯಾಗಿ ಕೊಂಡೆ; ಕತ್ತರಿ, ಕೈಗವಸು, ಫಾಯಿಲ್ ಹೊದಿಕೆ, ಸುಟ್ಟ ಗಾಯಕ್ಕೆ ಹಾಸುವ ಬಟ್ಟೆ ಎಲ್ಲವೂ ಅದರಲ್ಲಿವೆ. ಬಲ್ಬುಗಳು ನಮ್ಮ ಕಾರಿಗೆ ಹೊಂದಲೇ ಇಲ್ಲ.

ಹೀಗೆ ಬಿಡಿಬಿಡಿಯಾಗಿ ಕೊಂಡದ್ದರ ಮೊತ್ತ ಕಿಟ್ಟಿನ ಬೆಲೆಗಿಂತ ಹೆಚ್ಚಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಒಂದೇ ಒಂದು ಬಾರಿ, ಫ್ರಾನ್ಸಿಗೆ ಮಾತ್ರ, ಇಬ್ಬರೇ ಹೋಗುವವರಾದರೆ ಜಾಕೆಟ್ಟುಗಳಿಗಾಗಿ ಇದನ್ನು ಕೊಳ್ಳಬಹುದು. ತ್ರಿಕೋನದ ಮೇಲೆ ಮುದ್ರೆ ಇದೆಯೇ ಎಂದು ಅಂಗಡಿಯಲ್ಲಿಯೇ ಬಿಚ್ಚಿ ನೋಡಬೇಕು. ನನ್ನ ಅಂಕ 5ಕ್ಕೆ 2. ನಾಲ್ಕು ಜಾಕೆಟ್ಟುಗಳು ಈಗ ನಾಲ್ಕು ಬಾಗಿಲುಗಳ ಜೇಬಿನಲ್ಲಿವೆ, ಪೆಟ್ಟಿಗೆ ಮತ್ತು ತ್ರಿಕೋನ ಹಿಂದಿನ ಸೀಟಿನ ಕಾಲ ಬುಡದಲ್ಲಿವೆ, ಜಿಪ್ ಹೋದ ಕೆಂಪು ಚೀಲದಲ್ಲಿ ಮಕ್ಕಳ ಕೆಸರು ಬೂಟುಗಳಿವೆ.