ಟೊಮೇಟೊ ಕ್ರೇಟ್ ಮೇಲೆ ನೇತಾಕಿದ 8×8 ಡೆಪ್ತ್ ಸೆನ್ಸರ್: ನಾಲ್ಕು ತಿಂಗಳು ಬಳಸಿದ ಮೇಲೆ ನನ್ ರಿವ್ಯೂ

ನಮ್ ಮಾವಂದು ಕೋಲಾರ ಎಪಿಎಂಸೀಲಿ ಟೊಮೇಟೊ ಮಂಡಿ ಐತೆ. ಅಲ್ಲಿ ಹರಾಜು ನಡೆಯೋದು ಕ್ರೇಟ್ ಲೆಕ್ಕದಲ್ಲಿ, 15 ಕೆಜಿ ಕ್ರೇಟು, ಒಂದೊಂದನ್ನೂ ತೂಕಕ್ಕೆ ಇಡೋಕೆ ಯಾರಿಗೂ ಟೈಮ್ ಇರಲ್ಲ, ಅದಕ್ಕೇ ಕ್ರೇಟ್ ಎಷ್ಟು ತುಂಬಿದೆ ಅನ್ನೋದರ ಮೇಲೆ ದಿನಾ ಬೆಳಗ್ಗೆ ಮಾತಿಗೆ ಮಾತು ಬೆಳೆಯುತ್ತೆ. ರೈತ ತುಂಬಿದೆ ಅಂತಾನೆ, ತಗೊಳ್ಳೋನು ಎರಡು ಬೆರಳು ಕಮ್ಮಿ ಐತೆ ಅಂತಾನೆ. ಮೇಲಿಂದ ಒಂದು ಸೆನ್ಸರ್ ನೋಡಿ ಸುಮ್ನೆ ಆಳ ಹೇಳ್ಬಿಟ್ರೆ ಆಯ್ತಲ್ಲ ಅಂತ, ಬೆಳಕು ಹೋಗಿ ಬರೋ ಹೊತ್ತಿಂದ ದೂರ ಅಳೆಯೋ ವಿಎಲ್53ಎಲ್5ಸಿಎಕ್ಸ್ ಚಿಪ್ ಇರೋ ಒಂದು ಸಣ್ಣ ಬೋರ್ಡ್ ಆನ್‌ಲೈನಲ್ಲಿ ತರಿಸ್ದೆ, ಸುಮಾರು 2,000 ರೂಪಾಯಿ ಆಯ್ತು.

ಚಿಪ್ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್‌ದು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಅದರೊಳಗೇ ಕಣ್ಣಿಗೆ ಕಾಣದ 940 ನ್ಯಾನೋಮೀಟರ್ ಲೇಸರ್, ಪಕ್ಕದಲ್ಲೇ ಸ್ಪ್ಯಾಡ್ ಅಂತಾರಲ್ಲ ಆ ಸಿಂಗಲ್ ಫೋಟಾನ್ ಡಯೋಡ್‌ಗಳ ಸಾಲು, ಅಂದ್ರೆ ಬೆಳಕಿನ ಒಂದೇ ಒಂದು ಕಣ (ಫೋಟಾನ್) ಬಿದ್ರೂ ಹಿಡಿಯೋವು. ಎದುರಿಗಿರೋ ಜಾಗನ 8×8 ಚೌಕ ಮಾಡಿ ನೋಡುತ್ತೆ, ಅಂದ್ರೆ 64 ಜೋನ್, ಒಂದೊಂದು ಜೋನಿಗೂ ಒಂದು ದೂರ, ಸೆಕೆಂಡಿಗೆ 15 ಸಲ. 4×4 ಇಟ್ಕೊಂಡ್ರೆ 60 ಸಲ. ನಾನು ಟೊಮೇಟೊಗಿಂತ 80 ಸೆಂ.ಮೀ. ಮೇಲೆ ಕಟ್ಟಿದೀನಿ, ಆ ಎತ್ತರದಲ್ಲಿ ಒಂದು ಜೋನ್ ಸುಮಾರು 8 ಸೆಂ.ಮೀ. ಜಾಗ ನೋಡುತ್ತೆ, ಅಂದ್ರೆ ಒಂದೂವರೆ ಟೊಮೇಟೊ.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ನಾಯ್ಸ್, ಅಂದ್ರೆ ರೀಡಿಂಗಲ್ಲಿ ಸುಮ್ಸುಮ್ನೆ ಬರೋ ಏರುಪೇರು. ಬೋರ್ಡ್ ಬಂದ ದಿನ ಮನೇಲಿ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ನೋಡಿದ್ರೆ ನಂಬೋಕೇ ಆಗ್ಲಿಲ್ಲ, ಬಕೆಟ್ ಒಳಗಿನ ನೀರಿನ ಚೊಂಬು ಬೇರೆ, ಬಕೆಟ್ ಅಂಚು ಬೇರೆ ಅಂತ ಬಿಡಿಸಿ ತೋರಿಸ್ತು. ಮಾರನೇ ದಿನ ಮಂಡೀಲಿ ಕಟ್ಟಿ ಬೆಳಗ್ಗೆ ಒಂಬತ್ತರ ಮೇಲೆ ಶೀಟಿನ ಸಂದೀಲಿ ಬಿಸಿಲು ಬಿದ್ದಿದ್ದೇ ತಡ, ಅಲುಗಾಡದೆ ಕೂತಿರೋ ಕ್ರೇಟು ಒಂದ್ಸಲ 78 ಅಂತು, ಮುಂದಿನ ಸಲ 83, ಆಮೇಲೆ 75, ಕೆಲವು ಜೋನ್ ಪೂರ್ತಿ ಖಾಲಿ. ಎರಡು ಬೆರಳಿನ ಜಗಳ ಬಿಡಿಸೋಕೆ ತಂದ ಸಾಮಾನು ನಾಲ್ಕು ಬೆರಳು ತಪ್ಪು ಹೇಳ್ತು.

ಯಾಕೆ ಹಿಂಗೆ ಅಂತ ಓದ್ತಾ ಹೋದಂಗೆ ಈ ಸೆನ್ಸರ್ ಮೇಲೆ ಗೌರವ ಜಾಸ್ತಿನೇ ಆಯ್ತು. ಸ್ಪ್ಯಾಡ್ ಡಯೋಡನ್ನ ಅದರ ಬ್ರೇಕ್‌ಡೌನ್ ವೋಲ್ಟೇಜಿಗಿಂತ (ಡಯೋಡ್ ತಡೆ ಮುರಿದು ಕರೆಂಟ್ ಹರಿಯೋಕೆ ಶುರುವಾಗೋ ಮಟ್ಟ) ಮೇಲೆ, ತುದೀಲಿ ನಿಲ್ಸಿರ್ತಾರೆ. ಅಂತರಗಂಗೆ ಬೆಟ್ಟದ ಮೇಲೆ ಒಂದು ಸಣ್ಣ ಕಲ್ಲು ಜಾರಿದ್ರೆ ಹಿಂದೆನೇ ನೂರು ಕಲ್ಲು ಉರುಳ್ಕೊಂಡು ಬರಲ್ವಾ, ಹಂಗೆ ಒಂದೇ ಒಂದು ಫೋಟಾನ್ ಬಿದ್ರೂ ಕರೆಂಟ್ ಧಬಕ್ಕಂತ ಏಳುತ್ತೆ. ಆದ್ರೆ ಆ ಫೋಟಾನ್ ನಮ್ ಲೇಸರಿಂದೋ ಸೂರ್ಯಂದೋ ಅಂತ ಡಯೋಡಿಗೆ ಗೊತ್ತಾಗಲ್ಲ, ಅದಕ್ಕೆ ಎಲ್ಲಾ ಒಂದೇ. ಬೆಳಕೇ ಇಲ್ದೇ ಇದ್ರೂ ಬರೀ ಬಿಸಿಗೇ ಎಲೆಕ್ಟ್ರಾನ್ ಎದ್ದು ಸುಳ್ಳು ಎಣಿಕೆ ಕೊಡುತ್ತೆ, ಅದಕ್ಕೆ ಡಾರ್ಕ್ ಕೌಂಟ್ ಅಂತಾರೆ, ಬಿಸಿ ಏರಿದಂಗೆ ಅದೂ ಏರುತ್ತೆ. ಒಂದ್ಸಲ ಹೊಡೆದ ಮೇಲೆ ಒಳಗೆ ಸಿಕ್ಕಾಕೊಂಡ ಎಲೆಕ್ಟ್ರಾನ್ ತಡವಾಗಿ ಬಿಡುಗಡೆ ಆಗಿ ಇನ್ನೊಂದು ಸುಳ್ಳು ಎಣಿಕೆ ಆಗೋದೂ ಉಂಟು, ಅದು ಆಫ್ಟರ್ ಪಲ್ಸ್.

ಇಷ್ಟೆಲ್ಲಾ ಗದ್ದಲದೊಳಗೆ ದೂರ ಹೆಂಗೆ ಹಿಡಿಯುತ್ತೆ ಅಂದ್ರೆ, ಹರಾಜು ಕಟ್ಟೇಲಿ ಎಲ್ರೂ ಬಾಯಿಗೆ ಬಂದಂಗೆ ಕೂಗ್ತಿರ್ತಾರೆ, ಆದ್ರೆ ಒಬ್ಬ ಮಾತ್ರ ಪ್ರತೀ ಸಲ ಗಂಟೆ ಹೊಡೆದ ಮೇಲೆ ಸರಿಯಾಗಿ ಅಷ್ಟೇ ಹೊತ್ತಿಗೆ ಕೂಗ್ತಾನೆ ಅಂದ್ಕೊಳ್ಳಿ, ನೂರು ಸಲ ಕೇಳಿಸ್ಕೊಂಡ್ರೆ ಅವನ ದನಿ ಬೇರೆಯಾಗಿ ಎದ್ದು ಬರುತ್ತೆ. ಲೇಸರ್ ಮತ್ತೆ ಮತ್ತೆ ಮಿಂಚುತ್ತೆ, ಪ್ರತೀ ಮಿಂಚಿಗೂ ಫೋಟಾನ್ ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಚಿಪ್ಪು ಲೆಕ್ಕ ಇಟ್ಟು ಹಿಸ್ಟೋಗ್ರಾಂ ಕಟ್ಟುತ್ತೆ, ಅಂದ್ರೆ ಯಾವ ಹೊತ್ತಿಗೆ ಎಷ್ಟು ಬಂತು ಅನ್ನೋ ಪಟ್ಟಿ. 80 ಸೆಂ.ಮೀ. ಹೋಗಿ ಬರೋಕೆ ಬೆಳಕಿಗೆ 5 ನ್ಯಾನೋಸೆಕೆಂಡು ಮತ್ತೆ ಚೂರು. ಒಂದು ನ್ಯಾನೋಸೆಕೆಂಡ್ ತಪ್ಪಿದ್ರೆ 15 ಸೆಂ.ಮೀ. ತಪ್ಪು! ಸೂರ್ಯನ ಫೋಟಾನ್ ಎಲ್ಲಾ ಹೊತ್ತಲ್ಲೂ ಒಂದೇ ಸಮ ಹರಡ್ಕೊಂಡಿರುತ್ತೆ, ನಮ್ಮದು ಒಂದು ಜಾಗದಲ್ಲಿ ಗುಡ್ಡೆ ಆಗುತ್ತೆ. ಬಿಸಿಲು ಜಾಸ್ತಿ ಆದ್ರೆ ಸುತ್ತಲಿನ ನೆಲವೇ ಏರುಪೇರಾಗಿ ಗುಡ್ಡೆ ಮುಚ್ಚೋಗುತ್ತೆ.

ನಾನು ಮೊದಲು ಮಾಡಿದ ತಪ್ಪು, ಎಲ್ಲಾ ಕೋಡಲ್ಲೇ ಸರಿಮಾಡ್ತೀನಿ ಅಂತ ಕೂತಿದ್ದು. ಹತ್ತು ರೀಡಿಂಗ್ ಸರಾಸರಿ, ಮೀಡಿಯನ್ (ಸಾಲಾಗಿ ಜೋಡಿಸಿದ್ರೆ ನಡುವೆ ಬರೋ ನಂಬರ್), ಅಕ್ಕಪಕ್ಕದ ಜೋನ್ ಸೇರಿಸಿ ನುಣ್ಣಗೆ ಮಾಡೋದು. ನಂಬರ್ ಅಲುಗಾಡೋದು ನಿಲ್ತು ನಿಜ, ಆದ್ರೆ ಟೇಪ್ ಹಿಡಿದು ನೋಡಿದ್ರೆ ತಪ್ಪು ತಪ್ಪಾಗೇ ಇತ್ತು, ಬರೀ ನಿಧಾನಕ್ಕೆ ತಪ್ಪು ಹೇಳ್ತಿತ್ತು. ನಾಯ್ಸ್ ಕಮ್ಮಿ ಮಾಡ್ಬೇಕಾದ್ದು ಫೋಟಾನ್ ಒಳಗೆ ಬರೋಕೆ ಮುಂಚೆ, ನಾಲ್ಕು ತಿಂಗಳಲ್ಲಿ ಕಲಿತಿದ್ದು ಇದನ್ನೇ.

ಶೀಟಿನ ಸಂದಿಗೆ ಟಾರ್ಪಲ್ ಕಟ್ಟಿದ್ದರಿಂದ ಆದಷ್ಟು ಲಾಭ ಕೋಡಿನ ಯಾವ ಫಿಲ್ಟರಿಂದಲೂ ಆಗ್ಲಿಲ್ಲ. 940ನೇ ಯಾಕೆ ಆರಿಸ್ಕೋತಾರೆ ಅಂದ್ರೆ ಗಾಳೀಲಿರೋ ನೀರಾವಿ ಸೂರ್ಯನ ಬೆಳಕಲ್ಲಿ ಆ ಭಾಗನ ಒಂದಷ್ಟು ಕುಡಿದ್ಬಿಡುತ್ತೆ, ಆದ್ರೂ ಉಳಿಯೋದೇ ಈ ಸಣ್ಣ ಲೇಸರಿಗೆ ಭಾರಿ ಜಾಸ್ತಿ. ಆಮೇಲೆ ಸೆಕೆಂಡಿಗೆ 15 ಸಲ ಅಳೆಯೋದನ್ನ 4ಕ್ಕೆ ಇಳಿಸ್ದೆ. ಕ್ರೇಟ್ ಏನು ಓಡಿ ಹೋಗಲ್ವಲ್ಲ. ಹೆಚ್ಚು ಕಮ್ಮಿ ನಾಲ್ಕರಷ್ಟು ಹೊತ್ತು ಫೋಟಾನ್ ಸೇರ್ಸಿದ್ರೆ ಏರುಪೇರು ಅರ್ಧ ಆಗುತ್ತೆ, ವರ್ಗಮೂಲದ ಲೆಕ್ಕ, ಪೂರ್ತಿ ಹೋಗುತ್ತೆ ಅಂತ ಆಸೆ ಇಟ್ಕೋಬೇಡಿ.

ಇನ್ನೊಂದು, ಈ ಚಿಪ್ಪಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು. ಬರೀ ದೂರ ಕೊಡಲ್ಲ, ಪ್ರತೀ ಜೋನಿಗೂ ಸಿಗ್ನಲ್ (ವಾಪಸ್ ಬಂದ ಲೇಸರ್ ಬೆಳಕು) ಎಷ್ಟು, ಆಂಬಿಯೆಂಟ್ (ಸುತ್ತಲಿನ ಬೆಳಕು) ಎಷ್ಟು, ಸಿಗ್ಮಾ (ರೀಡಿಂಗಿನ ಏರುಪೇರಿನ ಅಂದಾಜು) ಎಷ್ಟು, ಸ್ಟೇಟಸ್ (ಆ ದೂರನ ಎಷ್ಟು ನಂಬಬಹುದು ಅನ್ನೋ ನಂಬರ್) ಏನು ಅಂತ ತಾನೇ ಹೇಳುತ್ತೆ. ಸ್ಟೇಟಸ್ 5 ಅಂದ್ರೆ ಗಟ್ಟಿ, 6 ಮತ್ತೆ 9 ಅರ್ಧ ನಂಬಿಕೆ, 255 ಅಂದ್ರೆ ಏನೂ ಕಾಣ್ಲಿಲ್ಲ. ಎಷ್ಟೋ ಜನ ಇದನ್ನ ನೋಡೋದೇ ಇಲ್ಲ, ಬರೀ ದೂರ ಓದಿ ಸೆನ್ಸರ್ ಸರಿ ಇಲ್ಲ ಅಂತ ಬರೀತಾರೆ, ಬೇಜಾರಾಗುತ್ತೆ. ಕ್ರೇಟಿನ ಅಂಚು ಒಂದು ಜೋನಲ್ಲಿ ಅರ್ಧ ಬಿದ್ರೆ ಅಂಚೂ ಅಲ್ಲ ಒಳಗಿನ ಹಣ್ಣೂ ಅಲ್ಲ, ನಡುವೆ ಯಾವುದೋ ದೂರ ಬರುತ್ತೆ, ಅಂಥಾದ್ದು ನಂಗೆ ಸುಮಾರು ಸಲ 9 ಅಂತಲೇ ಬಂತು. ಅದಕ್ಕೇ ಅಂಚಿನವನ್ನ ಬಿಟ್ಟು ಪೂರ್ತಿ ಒಳಗೆ ಬೀಳೋ 15 ಜೋನ್ ಮಾತ್ರ, ಅದ್ರಲ್ಲೂ 5 ಇರೋವನ್ನ ಮಾತ್ರ ತಗೋತೀನಿ. ಹಣ್ಣು ಕೆಂಪಿರ್ಲಿ ದೋರಗಾಯಿ ಇರ್ಲಿ 940ರಲ್ಲಿ ಹೆಚ್ಚು ಕಮ್ಮಿ ಒಂದೇ ಥರ ಹೊಳೆಯುತ್ತೆ, ಕಪ್ಪು ಪ್ಲಾಸ್ಟಿಕ್ ಕ್ರೇಟ್ ಮಾತ್ರ ಬೆಳಕನ್ನ ನುಂಗುತ್ತೆ, ಖಾಲಿ ಕಪ್ಪು ಕ್ರೇಟಿನ ತಳ ನಂಗೆ ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ.

ಬೋರ್ಡ್ ಮಾರಿದೋರ ಬಗ್ಗೆ ಹೇಳ್ಲೇಬೇಕು, ಹೆಸರು ಬೇಡ. ಬಿಸಿಲಲ್ಲೂ 4 ಮೀಟರ್ ಅಂತ ಹಾಕಿದ್ರು, ಆ 4 ಮೀಟರ್ ಕತ್ತಲ ಲೆಕ್ಕ. ಜೊತೆಗೆ ಧೂಳು ಬೀಳದಂಗೆ ಅಂತ ಒಂದು ಅಕ್ರಿಲಿಕ್ ಮುಚ್ಚಳ ಕೊಟ್ಟಿದ್ರು, ಅದನ್ನ ಚಿಪ್ಪಿಂದ ದೂರ, ನಡುವೆ ಗ್ಯಾಪ್ ಬಿಟ್ಟು ಕೂರಿಸಿದ್ರು. ಲೇಸರ್ ಹೊರಗೆ ಹೋಗೋ ಮುಂಚೆ ಆ ಮುಚ್ಚಳಕ್ಕೇ ತಾಗಿ ವಾಪಸ್ ಬರ್ತಿತ್ತು, ಎಲ್ಲಾ ಜೋನಲ್ಲೂ ಹತ್ರದಲ್ಲೇ ಏನೋ ಇದ್ದಂಗೆ ತೋರಿಸ್ತು, ಕ್ರಾಸ್‌ಟಾಕ್ ಅಂತಾರೆ ಅದಕ್ಕೆ. ಕೇಳಿದ್ರೆ ನಿಮ್ ಕೋಡ್ ತಪ್ಪು ಅಂದ್ರು, ಮೂರು ವಾರ ಅದರಲ್ಲೇ ಹೋಯ್ತು. ಕೊನೆಗೆ ಮುಚ್ಚಳ ಕಿತ್ತು, ತೆಳು ಗಾಜು ಚಿಪ್ಪಿಗೆ ಆದಷ್ಟು ಹತ್ರ ಅಂಟಿಸಿ, 60 ಸೆಂ.ಮೀ. ಆಚೆ ಕಪ್ಪು ಬಟ್ಟೆ ಹಿಡಿದು ಕ್ರಾಸ್‌ಟಾಕ್ ಕ್ಯಾಲಿಬ್ರೇಷನ್ ಮಾಡಿದ ಮೇಲೆ ಸರಿ ಹೋಯ್ತು. ಮಂಡೀಲಿ ಧೂಳು ಅಂದ್ರೆ ಧೂಳು, ಗಾಜಿನ ಮೇಲೆ ಕೂತ್ರೆ ಮತ್ತೆ ಅದೇ ಕಥೆ, ದಿನಾ ಬೆಳಗ್ಗೆ ಮೆತ್ತನೆ ಬಟ್ಟೇಲಿ ಒರೆಸ್ತೀನಿ. ಮಧ್ಯಾಹ್ನ ಶೀಟ್ ಕಾದಾಗ, ಬಿಸಿಗೆ ತಕ್ಕಂಗೆ ಹೊಂದಿಕೊಳ್ಳಲಿ ಅಂತ ಸೆನ್ಸರನ್ನ ಒಂದ್ಸಲ ನಿಲ್ಸಿ ಶುರು ಮಾಡ್ತೀನಿ. ಪವರ್ ಹೋಗಿ ಬಂದ್ರೆ 84 ಕೆಬಿ ಫರ್ಮ್‌ವೇರ್ (ಚಿಪ್ ಒಳಗೆ ಓಡೋ ಪ್ರೋಗ್ರಾಂ) ಮತ್ತೆ ತುಂಬ್ಬೇಕು, ಒಂದೆರಡು ಸೆಕೆಂಡು, ಪರವಾಗಿಲ್ಲ, ಆದ್ರೆ ಸೆನ್ಸರನ್ನ ನಡೆಸೋಕೆ ಬಳಸೋ ಬೋರ್ಡುಗಳಲ್ಲಿ ಸಣ್ಣ ಮೆಮೊರಿಯ ಆರ್ಡುವಿನೋಲಿ ಅದು ಹಿಡಿಯಲ್ಲ, ಇಎಸ್‌ಪಿ32 ತಗೊಳ್ಳಿ.

2020ರಲ್ಲಿ ಬಂದ ಐಪ್ಯಾಡ್ ಪ್ರೋ ಲೈಡಾರಲ್ಲೂ (ಲೇಸರಿಂದ ದೂರ ಅಳೆಯೋ ಸೆನ್ಸರ್) ಇದೇ ಸ್ಪ್ಯಾಡ್ ತತ್ವ. ಕಾರಿಗೆ ಹಾಕೋ ದೊಡ್ಡ ಸೆನ್ಸರುಗಳಲ್ಲಿ ಅಕ್ಕಪಕ್ಕದ ಎರಡು ಮೂರು ಡಯೋಡ್ ಒಟ್ಟಿಗೇ ಹೊಡೆದ್ರೆ ಮಾತ್ರ ಎಣಿಸೋ ಉಪಾಯನೂ ಮಾಡ್ತಾರೆ, ಬಿಸಿಲಿನ ಒಂಟಿ ಫೋಟಾನ್ ಅಲ್ಲೇ ಉದುರೋಗುತ್ತೆ.

ಈಗ ನೆರಳಲ್ಲಿ ನನ್ ಕ್ರೇಟ್ ರೀಡಿಂಗ್ ಟೇಪಿಗೆ ಹೋಲಿಸಿದ್ರೆ ಒಂದು ಸೆಂ.ಮೀ. ಆಚೀಚೆ. ಚಿಪ್ಪಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಮಾರಿದೋರಿಗೆ ಒಂದು. ಶೆಡ್ಡು, ಸಂಪು, ರೂಮು ಇಂಥ ಕಡೆ ಕಣ್ಮುಚ್ಕೊಂಡು ತಗೊಳ್ಳಿ, ಬಯಲಲ್ಲಿ ಬಿಸಿಲಿಗೆ ಬೇಡ. ತರಿಸಿದ ತಕ್ಷಣ ಚಿಪ್ ಮೇಲೆ ಸಣ್ಣ ಫಿಲ್ಮ್ ಇದ್ಯಾ ನೋಡಿ ಕೀಳಿ, ಮುಚ್ಚಳ ಹಾಕದೆ ಬಿಳಿ ಗೋಡೆಗೆ ಹಿಡಿದು ಟೇಪ್ ಇಟ್ಟು ಅಳೀರಿ, ಆ ನಂಬರ್ ಬರೆದಿಟ್ಕೊಂಡ ಮೇಲೇ ಮುಂದಿನ ಕೆಲಸ.